ಗಾಜು ನೀರಿನಲ್ಲಿ ಕರಗುತ್ತದೆಯೇ? ಮನೆಯ ಲೋಟದಿಂದ ಕೆಜಿಎಫ್ ಗಣಿಯವರೆಗೆ

ವಾಟ್ಸ್ಆ್ಯಪ್‌ನಲ್ಲಿ ಗಾಜಿನ ಬಗ್ಗೆ ಎರಡು ಥರದ ಮೆಸೇಜ್ ಓಡಾಡುತ್ತವೆ. ಒಂದು ಬುದ್ಧಿಮಾತು: "ಪ್ಲಾಸ್ಟಿಕ್ ಬಿಡಿ, ಗಾಜಿನ ಬಾಟಲಿ ಬಳಸಿ, ಗಾಜು ನೀರಿಗೆ ಏನನ್ನೂ ಬಿಡುವುದಿಲ್ಲ." ಇನ್ನೊಂದು ಹೆದರಿಕೆ: ಇಂಜೆಕ್ಷನ್ ಸೀಸೆಯ ಫೋಟೊ, ಒಳಗೆ ತೇಲುವ ಬಿಳಿ ಚೂರಿನ ಸುತ್ತ ಕೆಂಪು ಗೆರೆ, ಕೆಳಗೆ "ಎಲ್ಲ ಗ್ರೂಪಿಗೂ ಕಳಿಸಿ".

ಮೊದಲನೆಯದು ಮುಕ್ಕಾಲು ಪಾಲು ಸರಿ. ಎರಡನೆಯದು ಅಪರೂಪಕ್ಕೆ ನಿಜ, ಹೆಚ್ಚಿನ ಸಲ ಆ ಬಿಳಿ ವಸ್ತು ಬೇರೇನೋ ಆಗಿರುತ್ತದೆ. ಇವೆರಡನ್ನೂ ಅಳೆದು ನೋಡಲು ಒಂದು ವಿಷಯ ಗೊತ್ತಿದ್ದರೆ ಸಾಕು. ಗಾಜು ನೀರಿನಲ್ಲಿ ಕರಗುತ್ತದೆ. ಎಲ್ಲ ಗಾಜೂ ಕರಗುತ್ತದೆ. ಆದರೆ ಕರಗುವ ವೇಗದಲ್ಲಿ ಅಜಗಜಾಂತರ. ಒಂದು ಗಾಜು ಬಿಸಿನೀರಿನಲ್ಲಿ ಕಲ್ಲುಸಕ್ಕರೆಯ ಹಾಗೆ ಕರಗಿಹೋದರೆ, ಇನ್ನೊಂದು ಸಾವಿರಾರು ವರ್ಷ ನೀರಿನಲ್ಲಿದ್ದರೂ ಒಂದು ಮಿಲಿಮೀಟರ್ ಸವೆಯುವುದಿಲ್ಲ. ಯಾವ ಗಾಜು, ಎಂಥ ನೀರು, ನೀರು ನಿಂತಿದೆಯೋ ಹರಿಯುತ್ತಿದೆಯೋ ಎಂಬುದರ ಮೇಲೆ ಎಲ್ಲ ನಿಂತಿದೆ.

ಗಾಜಿನಲ್ಲಿ ಏನಿರುತ್ತದೆ?

ಮರಳಿನಲ್ಲಿ, ಬೆಣಚುಕಲ್ಲಿನಲ್ಲಿ ಇರುವುದು ಸಿಲಿಕಾ. ಒಂದು ಸಿಲಿಕಾನ್ ಅಣುವಿನ ಸುತ್ತ ನಾಲ್ಕು ಆಮ್ಲಜನಕ, ಅವು ಪಕ್ಕದ ಸಿಲಿಕಾನಿಗೆ ಕೊಂಡಿ, ಹೀಗೆ ಮೂರೂ ದಿಕ್ಕಿಗೆ ಹೆಣೆದ ಬಲೆ. ಇದನ್ನೊಂದನ್ನೇ ಕರಗಿಸಿ ಗಾಜು ಮಾಡಬಹುದು, ಆದರೆ ಸುಮಾರು 1700 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹಳೆಯ ಕಾಲದ ಯಾವ ಒಲೆಯಲ್ಲೂ ಅಷ್ಟು ಶಾಖ ಹುಟ್ಟುತ್ತಿರಲಿಲ್ಲ. ಅದಕ್ಕೇ ಸೋಡಾ ಸೇರಿಸಿದರು. ಸೋಡಾ ಬಲೆಯ ಕೊಂಡಿಗಳನ್ನು ಅಲ್ಲಲ್ಲಿ ಬಿಡಿಸುತ್ತದೆ, ಕಡಿಮೆ ಬಿಸಿಯಲ್ಲೇ ಮರಳು ಕರಗುತ್ತದೆ.

ನಮ್ಮಲ್ಲೂ ಹೀಗೇ ಮಾಡುತ್ತಿದ್ದರು. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿತ್ತು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಗಾಜಿನ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಸಾಮಗ್ರಿ ಎಂದರೆ ಚೌಳು ಮಣ್ಣಿನ ಸೋಡಾ, ಕುಟ್ಟಿದ ಬಿಳಿ ಬೆಣಚುಕಲ್ಲು. ಮಡಿವಾಳರು ಬಟ್ಟೆ ಒಗೆಯಲು ಬಳಸುತ್ತಿದ್ದ ಅದೇ ಚೌಳು.

ಸೋಡಾದಿಂದ ಒಂದು ತೊಂದರೆಯೂ ಇದೆ. ಮರಳಿಗೆ ಬರೀ ಸೋಡಾ ಸೇರಿಸಿದರೆ ಸಿಗುವ ಗಾಜು ಬಿಸಿನೀರಿನಲ್ಲಿ ಕರಗಿ ಅಂಟಾದ ದ್ರವವಾಗುತ್ತದೆ. ಅದಕ್ಕೆ ಸೋಡಿಯಂ ಸಿಲಿಕೇಟ್ ಅಥವಾ 'ವಾಟರ್ ಗ್ಲಾಸ್' ಎಂದು ಹೆಸರು. ರಟ್ಟಿನ ಪೆಟ್ಟಿಗೆ ಅಂಟಿಸಲು, ಬಟ್ಟೆ ಸೋಪು ತಯಾರಿಸಲು ಇದನ್ನು ಬಳಸುತ್ತಾರೆ. ಗಾಜು ನೀರಲ್ಲಿ ಕರಗುವುದಿಲ್ಲ ಎನ್ನುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಈ ಕರಗುವ ಗುಣವನ್ನು ಹಿಡಿದು ನಿಲ್ಲಿಸುವುದು ಸುಣ್ಣ. ನಿಮ್ಮ ಮನೆಯ ಲೋಟ, ಬಾಟಲಿ, ಕಿಟಕಿ ಗಾಜಿನಲ್ಲಿ ಹೆಚ್ಚುಕಡಿಮೆ 70–74 ಭಾಗ ಸಿಲಿಕಾ, 12–15 ಭಾಗ ಸೋಡಾ, 10 ಭಾಗದಷ್ಟು ಸುಣ್ಣ ಇರುತ್ತದೆ. ಅಲ್ಯೂಮಿನಾ ಸ್ವಲ್ಪ ಸೇರಿದರೆ ಇನ್ನೂ ಗಟ್ಟಿ. ಭಾರತದ ಪುರಾತನ ಗಾಜಿನಲ್ಲಿ ಅಲ್ಯೂಮಿನಾ ಜಾಸ್ತಿ ಇರುವ ಒಂದು ಬಗೆ ವ್ಯಾಪಕವಾಗಿ ಸಿಗುತ್ತದೆ. ಮಣ್ಣಿನೊಳಗೆ ಎರಡು ಸಾವಿರ ವರ್ಷ ಇದ್ದ ಮಣಿಗಳೂ ಬಣ್ಣ ಉಳಿಸಿಕೊಂಡು ಬರುವುದರ ಹಿಂದೆ ಇದರ ಪಾಲೂ ಇದೆ.

ನೀರು ಮಾಡುವ ಕೆಲಸ

ಗಾಜಿಗೆ ನೀರು ತಾಗಿದಾಗ ಮೊದಲು ಆಗುವುದು ಅದಲುಬದಲು. ಬಲೆಯ ಸಂದಿಯಲ್ಲಿ ಸಡಿಲವಾಗಿ ಕೂತಿರುವ ಸೋಡಿಯಂ ಹೊರಗೆ ಬರುತ್ತದೆ, ಅದರ ಜಾಗಕ್ಕೆ ನೀರಿನ ಹೈಡ್ರೋಜನ್ ಹೋಗುತ್ತದೆ. ಬಲೆ ಹಾಗೇ ಇರುತ್ತದೆ, ಮೇಲ್ಮೈಯಲ್ಲಿ ಮಾತ್ರ ನೀರು ಕುಡಿದ ತೆಳ್ಳನೆಯ ಪದರವೊಂದು ಉಳಿಯುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ.

ಆದರೆ ಹೊರಬಂದ ಸೋಡಿಯಂ ನೀರನ್ನು ಕ್ಷಾರವಾಗಿಸುತ್ತದೆ. ಸೋಪಿನ ನೀರಿನ ಹಾಗೆ, ಸುಣ್ಣದ ತಿಳಿಯ ಹಾಗೆ. ನೀರಿನ ಪಿಎಚ್ 9 ದಾಟಿತೆಂದರೆ ಎರಡನೆಯ ಕೆಲಸ ಶುರು. ಕ್ಷಾರ ನೇರವಾಗಿ ಬಲೆಯ ಕೊಂಡಿಗಳನ್ನೇ ಕತ್ತರಿಸುತ್ತದೆ, ಸಿಲಿಕಾ ಬಿಡಿಬಿಡಿಯಾಗಿ ನೀರಿಗೆ ಇಳಿಯುತ್ತದೆ. ಗಾಜು ನಿಜವಾಗಿ ಸವೆಯುವುದು ಇಲ್ಲಿ. ಅಂದರೆ ಗಾಜಿನ ಶತ್ರು ಹುಳಿ ಅಲ್ಲ, ಖಾರ ಸೋಡಾ. (ಅಪವಾದವೆಂದರೆ ಹೈಡ್ರೋಫ್ಲೋರಿಕ್ ಆಮ್ಲ, ಅದು ಗಾಜನ್ನು ತಿಂದುಹಾಕುತ್ತದೆ. ಗಾಜಿನ ಮೇಲೆ ಹೂಬಳ್ಳಿ ಕೊರೆಯಲು ಅದನ್ನು ಬಳಸುತ್ತಾರೆ. ಅದು ಮನೆಗೆ ತರುವ ವಸ್ತುವಲ್ಲ.)

ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ನೆನಪಿರಬಹುದು: ಕಾಸ್ಟಿಕ್ ಸೋಡಾ ದ್ರಾವಣವನ್ನು ಗಾಜಿನ ಬಿರಡೆಯ ಬಾಟಲಿಯಲ್ಲಿ ಇಡಬೇಡಿ, ಬ್ಯುರೆಟ್ಟಿನಲ್ಲಿ ಬಿಟ್ಟು ಹೋಗಬೇಡಿ ಎಂದು ಮೇಷ್ಟ್ರು ಗದರುತ್ತಿದ್ದರು. ಬಿಟ್ಟರೆ ಬಿರಡೆ ಕಚ್ಚಿಕೊಂಡು ಬಿಡುತ್ತದೆ. ಕ್ಷಾರ ಗಾಜನ್ನು ತಿಂದು ಅಲ್ಲೇ ಅಂಟು ಮಾಡಿಕೊಳ್ಳುವುದೇ ಕಾರಣ. ಹಾಗೆಯೇ ಉಪ್ಪಿನಕಾಯಿಯನ್ನು ಪಿಂಗಾಣಿ ಭರಣಿಯಲ್ಲೋ ಗಾಜಿನ ಜಾಡಿಯಲ್ಲೋ ಹಾಕುವ ಅಜ್ಜಿಯಂದಿರ ಲೆಕ್ಕ ಸರಿಯಾಗಿಯೇ ಇದೆ. ಮಾವಿನಕಾಯಿ ಹುಳಿಗೆ ಸಾಮಾನ್ಯ ಗಾಜು ಜಗ್ಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಕೆಜಿಎಫ್‌ಗೆ ಹೋದಾಗ ಇದು ಮತ್ತೆ ಬೇಕಾಗುತ್ತದೆ. ನೀರು ಒಂದೇ ಕಡೆ ನಿಂತಿದ್ದರೆ ಕರಗಿದ ಸಿಲಿಕಾ ಅದರಲ್ಲೇ ತುಂಬಿಕೊಳ್ಳುತ್ತದೆ. ಪಾನಕಕ್ಕೆ ಬೆಲ್ಲ ಹಾಕುತ್ತಾ ಹೋದರೆ ಒಂದು ಹಂತದ ಮೇಲೆ ಕರಗದೆ ತಳದಲ್ಲಿ ಕೂರುತ್ತದಲ್ಲ, ಹಾಗೆ. ಸಿಲಿಕಾ ತುಂಬಿದ ನೀರು ಇನ್ನಷ್ಟು ಗಾಜನ್ನು ಕರಗಿಸಲಾರದು. ಜೊತೆಗೆ ಗಾಜಿನ ಮೇಲಿನ ಪದರ ಬಿಗಿಯಾಗಿ ಒಳಗಿನ ಗಾಜಿಗೆ ಹೊದಿಕೆಯಾಗುತ್ತದೆ. ವೇಗ ಕುಸಿಯುತ್ತದೆ. ನೀರು ಹರಿಯುತ್ತಿದ್ದರೆ ಈ ರಕ್ಷಣೆ ಸಿಗುವುದಿಲ್ಲ.

ಸಿಲಿಕಾ ನೀರಿಗೆ ಇಳಿಯುತ್ತದೆ ಎಂದಕೂಡಲೇ ಗಾಬರಿ ಬೇಡ. ನಮ್ಮ ಕರಿಕಲ್ಲಿನ ನೆಲದ ಬೋರ್‌ವೆಲ್ ನೀರಿನಲ್ಲಿ ಬಂಡೆಯಿಂದಲೇ ಕರಗಿಬಂದ ಸಿಲಿಕಾ ಲೀಟರಿಗೆ ಹತ್ತಾರು ಮಿಲಿಗ್ರಾಂ ಇರುತ್ತದೆ. ಭತ್ತದ ಗದ್ದೆಗೆ ಇಳಿದಾಗ ಗರಿಯ ಅಂಚು ಕೈ ಕೊಯ್ಯುವುದು ಯಾಕೆ ಗೊತ್ತೇ? ಗಿಡ ಗದ್ದೆನೀರಿನ ಸಿಲಿಕಾವನ್ನು ಹೀರಿ ಎಲೆಯಲ್ಲಿ, ಹೊಟ್ಟಿನಲ್ಲಿ ತುಂಬಿಕೊಳ್ಳುತ್ತದೆ. ಹೊಟ್ಟಿನ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾವೇ.

ಮಲೆನಾಡಿನ ಮಳೆ ಮತ್ತು ಮನೆಯ ಗಾಜು

ಶಿಕಾರಿಪುರ, ಸೊರಬದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ. ಮಳೆ ಹೊಡೆಯುವ ಕಿಟಕಿ ಗಾಜು ಮೊದಲು ಹಾಳಾಗಬೇಕು ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. ಕಿಟಕಿಯ ಮೇಲೆ ಬಿದ್ದ ಮಳೆ ಹೊರಬಂದ ಸೋಡಿಯಂ ಅನ್ನು ತೊಳೆದುಕೊಂಡು ಹೋಗುತ್ತದೆ, ಕ್ಷಾರ ಏರಲು ಅವಕಾಶವೇ ಇಲ್ಲ. ಕೆಡುವುದು ಒಳಗೆ ಒಂದರ ಮೇಲೊಂದು ಪೇರಿಸಿಟ್ಟ ಗಾಜಿನ ಹಾಳೆ. ಎರಡು ಹಾಳೆಗಳ ನಡುವೆ ಸಿಕ್ಕಿಕೊಂಡ ತೇವದ ತೆಳು ಪೊರೆ ಎಲ್ಲೂ ಹರಿದು ಹೋಗುವುದಿಲ್ಲ, ಅಷ್ಟು ಕಡಿಮೆ ನೀರಿನಲ್ಲಿ ಕ್ಷಾರ ಬೇಗ ಏರುತ್ತದೆ. ಮೊದಲು ಕಾಮನಬಿಲ್ಲಿನಂಥ ಬಣ್ಣ, ಆಮೇಲೆ ಒರೆಸಿದರೂ ಹೋಗದ ಬಿಳಿ ಮಬ್ಬು. ಗಾಜಿನ ಕಾರ್ಖಾನೆಗಳು ಹಾಳೆಗಳ ನಡುವೆ ಕಾಗದವನ್ನೋ ತುಸು ಹುಳಿ ಗುಣದ ಪುಡಿಯನ್ನೋ ಹಾಕಿ ಕಳಿಸುವುದು ಇದಕ್ಕೇ. ಹೊಸ ಮನೆ ಕಟ್ಟುತ್ತಿರುವವರು ಕಿಟಕಿಯ ಗಾಜನ್ನು ಮಳೆಗಾಲಕ್ಕೆ ಮುಂಚೆ ತಂದು ಶೆಡ್ಡಿನಲ್ಲಿ ಪೇರಿಸಿಡದಿರುವುದೇ ಒಳ್ಳೆಯದು.

ಇಲ್ಲೊಂದು ಗೊಂದಲ ಬಿಡಿಸಬೇಕು. ಲೋಟದ ಮೇಲಿನ ಬಿಳಿ ಕಲೆಯೆಲ್ಲ ಗಾಜು ಕರಗಿದ್ದಲ್ಲ. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರ ಸುಣ್ಣದ ಅಂಶ ಗಾಜಿನ ಮೇಲೆ ಕೂರುತ್ತದೆ. ಸೋಲಾರ್ ವಾಟರ್ ಹೀಟರಿನ ಗಾಜಿನ ಕೊಳವೆಯೊಳಗೆ ಕಟ್ಟುವ ಬಿಳಿ ಕರಣೆಯೂ ಇದೇ. ಪರೀಕ್ಷೆ ಸುಲಭ. ಕಲೆಯ ಮೇಲೆ ನಿಂಬೆಹುಳಿ ಅಥವಾ ವಿನೆಗರ್ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿ. ಹೋದರೆ ಅದು ನೀರಿನ ಸುಣ್ಣ. ಹೋಗದೆ, ಒದ್ದೆ ಇರುವಾಗ ಮಾಯವಾಗಿ ಒಣಗಿದ ಮೇಲೆ ಮತ್ತೆ ಕಾಣಿಸಿಕೊಂಡರೆ ಗಾಜಿನ ಮೈಯೇ ಸವೆದಿದೆ. ಬಿಸಿನೀರು, ಖಾರ ಡಿಟರ್ಜೆಂಟ್, ಡಿಶ್‌ವಾಷರ್ ಸೇರಿದಾಗ ಹೀಗಾಗುತ್ತದೆ. ಅಂಥ ಲೋಟದಲ್ಲಿ ನೀರು ಕುಡಿಯಲು ಅಡ್ಡಿಯಿಲ್ಲ, ಅಂದ ಮಾತ್ರ ಹೋಯಿತು.

ಹುಷಾರಾಗಿರಬೇಕಾದ ಗಾಜು ಒಂದಿದೆ, ಕ್ರಿಸ್ಟಲ್. ಬೆಳಕು ಬಿದ್ದರೆ ಮಿಂಚುವ, ಕೈಯಲ್ಲಿ ಹಿಡಿದರೆ ಭಾರವೆನಿಸುವ ಸಾಂಪ್ರದಾಯಿಕ ಕ್ರಿಸ್ಟಲ್ ಪಾತ್ರೆಗಳಲ್ಲಿ ಕಾಲು ಭಾಗದಷ್ಟು ಸೀಸದ ಆಕ್ಸೈಡ್ ಇರುತ್ತದೆ. ಇದಕ್ಕೆ ಹುಳಿ ಆಗಿಬರುವುದಿಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಾಜಿಯಾನೊ ಮತ್ತು ಬ್ಲಮ್ 1991ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೀಟರಿಗೆ 89 ಮೈಕ್ರೋಗ್ರಾಂ ಸೀಸವಿದ್ದ ಪೋರ್ಟ್ ವೈನನ್ನು ಕ್ರಿಸ್ಟಲ್ ಹೂಜಿಗಳಲ್ಲಿ ನಾಲ್ಕು ತಿಂಗಳು ಇಟ್ಟಾಗ ಸೀಸ 2 ಸಾವಿರದಿಂದ 5 ಸಾವಿರ ಮೈಕ್ರೋಗ್ರಾಂವರೆಗೆ ಏರಿತ್ತು. ವಿದೇಶದಿಂದ ಯಾರೋ ತಂದುಕೊಟ್ಟ ಚಂದದ ಕ್ರಿಸ್ಟಲ್ ಜಾಡಿಯನ್ನು ಶೋಕೇಸಿನಲ್ಲೇ ಇಡಿ. ಉಪ್ಪಿನಕಾಯಿ, ಕೋಕಂ ರಸ, ಮಕ್ಕಳ ಜ್ಯೂಸ್ ಅದರೊಳಗೆ ಬೇಡ.

ಅಂದಹಾಗೆ, "ಗಾಜು ನಿಧಾನವಾಗಿ ಹರಿಯುವ ದ್ರವ, ಅದಕ್ಕೇ ಹಳೆಯ ಚರ್ಚುಗಳ ಕಿಟಕಿ ಗಾಜು ಕೆಳಗೆ ದಪ್ಪ" ಎಂಬ ಫಾರ್ವರ್ಡ್ ಸುಳ್ಳು. ಆ ಕಾಲದಲ್ಲಿ ಹಾಳೆ ಒಂದೇ ಸಮ ಬರುತ್ತಿರಲಿಲ್ಲ, ಅಷ್ಟೇ.

ಇಂಜೆಕ್ಷನ್ ಸೀಸೆಯಲ್ಲಿ ತೇಲುವುದು ಏನು?

ಈಗ ಆ ಕೆಂಪು ಗೆರೆಯ ಫೋಟೊಗೆ ಬರೋಣ. ಲಸಿಕೆ ಬಗೆಗಿನ ಅನುಮಾನ ಈ ಭಾಗಕ್ಕೆ ಸಣ್ಣ ವಿಷಯವಲ್ಲ. ಮಂಗನ ಕಾಯಿಲೆಗೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರು ಬಂದಿದ್ದೇ ಸೊರಬ ತಾಲೂಕಿನ ಕ್ಯಾಸನೂರಿನಿಂದ, 1957ರಲ್ಲಿ. ಅದಕ್ಕೆ ವರ್ಷಗಟ್ಟಲೆ ಕೊಡುತ್ತಿದ್ದ ಹಳೆಯ ಲಸಿಕೆಗೆ ಹಲವು ಡೋಸ್ ಬೇಕಿತ್ತು, ಚುಚ್ಚಿದ ಜಾಗ ನೋಯುತ್ತಿತ್ತು, ಪೂರ್ತಿ ಡೋಸ್ ಪಡೆಯದವರೇ ಬಹಳ. ಕಾಡಂಚಿನ ಊರುಗಳಲ್ಲಿ ಮುಂದೆ ಹೊಸ ಲಸಿಕೆ ಬಂದಾಗ "ಸೀಸೆಯಲ್ಲಿ ಗಾಜಿನ ಚೂರು" ಎಂಬ ಒಂದು ಸುಳ್ಳು ಫೋಟೊ ಮಾಡಬಹುದಾದ ಹಾನಿ ಕಡಿಮೆಯೇನಲ್ಲ.

ಔಷಧದ ಸೀಸೆಗೆ ಮನೆಯ ಲೋಟದ ಗಾಜು ಸಾಲದು. ಇಂಜೆಕ್ಷನ್ ಔಷಧಗಳಿಗೆ ಹೆಚ್ಚಾಗಿ ಬಳಸುವುದು ಬೋರೋಸಿಲಿಕೇಟ್ ಗಾಜು. ಅದರಲ್ಲಿ ಬೋರಾನ್ ಸೇರಿರುತ್ತದೆ, ಸೋಡಾ ಸಾಮಾನ್ಯ ಗಾಜಿನ ಅರ್ಧದಷ್ಟು ಅಥವಾ ಇನ್ನೂ ಕಡಿಮೆ. ಔಷಧ ನಿಯಮಗಳಲ್ಲಿ ಇದು 'ಟೈಪ್ 1'. ಈ ದರ್ಜೆ ಕೊಡುವ ಮುಂಚೆ ಮಾಡುವ ಪರೀಕ್ಷೆ ಬಲು ಸರಳ: ಗಾಜನ್ನು ಕುಟ್ಟಿ ಹರಳು ಮಾಡಿ, ಶುದ್ಧ ನೀರಿನಲ್ಲಿ ಹಾಕಿ, 121 ಡಿಗ್ರಿಯಲ್ಲಿ 30 ನಿಮಿಷ ಬೇಯಿಸುತ್ತಾರೆ. ಹೆಚ್ಚುಕಡಿಮೆ ಪ್ರೆಷರ್ ಕುಕ್ಕರಿನ ಬಿಸಿ. ನೀರಿಗೆ ಎಷ್ಟು ಕ್ಷಾರ ಇಳಿಯಿತೋ ಅಳೆಯುತ್ತಾರೆ. ಗಾಜು ಕರಗುತ್ತದೆ ಎಂದು ಔಷಧ ಉದ್ಯಮಕ್ಕೆ ಗೊತ್ತಿಲ್ಲದಿದ್ದರೆ ಈ ಪರೀಕ್ಷೆಯೇ ಇರುತ್ತಿರಲಿಲ್ಲ.

ಇಷ್ಟಾದರೂ ಎಡವಟ್ಟು ಆಗುವುದುಂಟು. ಗಾಜಿನ ಕೊಳವೆಯನ್ನು ಬೆಂಕಿಯಲ್ಲಿ ಕಾಸಿ ಸೀಸೆಯ ತಳ ಮುಚ್ಚುವಾಗ, ಆ ಜೋರು ಬಿಸಿಗೆ ಸ್ವಲ್ಪ ಸೋಡಿಯಂ ಮತ್ತು ಬೋರಾನ್ ಆವಿಯಾಗಿ ಒಳಗೋಡೆಯ ಕೆಳಭಾಗದಲ್ಲಿ ಮತ್ತೆ ಕೂರುತ್ತವೆ. ಅಲ್ಲಿನ ಗಾಜು ಬಲಹೀನವಾಗುತ್ತದೆ. ಒಳಗೆ ತುಂಬಿದ ಔಷಧ ಕ್ಷಾರ ಗುಣದ್ದಾಗಿದ್ದರೆ, ಸಿಟ್ರೇಟ್, ಫಾಸ್ಫೇಟ್‌ನಂಥ ಲವಣಗಳಿದ್ದರೆ, ತಿಂಗಳುಗಟ್ಟಲೆ ಇಟ್ಟಾಗ ಅದೇ ಜಾಗದಿಂದ ಪದರ ಎದ್ದು ತೆಳ್ಳನೆಯ ಹೊಪ್ಪಳಿಕೆಗಳಾಗಿ ಉದುರುತ್ತವೆ. 2010ರಲ್ಲಿ ಅಮೆರಿಕದ ಆಮ್ಜೆನ್ ಕಂಪನಿ ಇದೇ ಕಾರಣಕ್ಕೆ ಎಪೊಜೆನ್, ಪ್ರೊಕ್ರಿಟ್ ಎಂಬ ರಕ್ತಹೀನತೆಯ ಇಂಜೆಕ್ಷನ್‌ಗಳ ಕೆಲವು ಬ್ಯಾಚ್‌ಗಳನ್ನು ವಾಪಸು ಪಡೆಯಿತು. ಮುಂದಿನ ವರ್ಷ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಲ್ಲ ತಯಾರಕರಿಗೂ ಎಚ್ಚರಿಕೆ ಕೊಟ್ಟಿತು. ಸಮಸ್ಯೆ ನಿಜವಾದದ್ದು, ಮುಚ್ಚಿಟ್ಟದ್ದೂ ಅಲ್ಲ.

ಹಾಗಾದರೆ ಫೋಟೊದಲ್ಲಿ ಕಾಣುವ ಬಿಳಿ ವಸ್ತು? ಟಿಟಿ, ಟಿಡಿ, ಪೆಂಟಾವೇಲೆಂಟ್‌ನಂಥ ಹಲವು ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಬೇಕೆಂದೇ ಸೇರಿಸಿರುತ್ತಾರೆ. ಇಟ್ಟಲ್ಲೇ ಇಟ್ಟರೆ ಅದು ತಳದಲ್ಲಿ ಬಿಳಿಯಾಗಿ ಕೂರುತ್ತದೆ, ಅಲುಗಾಡಿಸಿದರೆ ಸಮನಾಗಿ ಹಾಲಿನಂತೆ ಬೆರೆಯುತ್ತದೆ. ಅದು ಇರಬೇಕಾದದ್ದೇ. ಅಂಥ ಲಸಿಕೆ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿ ಕೆಟ್ಟಿದ್ದರೆ ಮಾತ್ರ ಅಲುಗಾಡಿಸಿದ ಮೇಲೂ ಗಂಟುಗಂಟಾಗಿ ಉಳಿದು ಬೇಗ ತಳಕ್ಕಿಳಿಯುತ್ತದೆ. ನರ್ಸ್‌ಗಳಿಗೆ ಇದನ್ನು ಪರೀಕ್ಷಿಸುವ ತರಬೇತಿ ಇರುತ್ತದೆ. ಸಕ್ಕರೆ ಕಾಯಿಲೆಯವರು ತೆಗೆದುಕೊಳ್ಳುವ ಮಿಕ್ಸ್ ಇನ್ಸುಲಿನ್ ಕೂಡ ಬೆಳ್ಳಗೇ ಇರುತ್ತದೆ, ಅಂಗೈಯಲ್ಲಿ ಉರುಳಿಸಿ ಬೆರೆಸಿಕೊಳ್ಳಬೇಕು. ರೆಗ್ಯುಲರ್ ಇನ್ಸುಲಿನ್ ಮಾತ್ರ ನೀರಿನಂತೆ ತಿಳಿಯಾಗಿರಬೇಕು, ಮಬ್ಬಾದರೆ ಬಳಸಬಾರದು.

ಗಾಜಿನ ಹೊಪ್ಪಳಿಕೆ ಕಾಣುವ ರೀತಿಯೇ ಬೇರೆ. ಸೀಸೆಯನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸಿದಾಗ ತೆಳು ಅಭ್ರಕದ ಚೂರಿನ ಹಾಗೆ ಮಿಂಚಿ ಮಾಯವಾಗುತ್ತದೆ. ತಿಳಿಯಾಗಿರಬೇಕಾದ ಔಷಧದಲ್ಲಿ ಹೀಗೆ ಕಂಡರೆ ಚುಚ್ಚಿಸಿಕೊಳ್ಳಬೇಡಿ. ಸೀಸೆ ಎಸೆಯಲೂ ಬೇಡಿ. ಬ್ಯಾಚ್ ನಂಬರ್ ಸಮೇತ ಡಾಕ್ಟರಿಗೋ ಮೆಡಿಕಲ್ ಶಾಪಿಗೋ ತೋರಿಸಿ. ಔಷಧದಿಂದ ತೊಂದರೆಯಾಗಿದ್ದರೆ ಹೇಳಲು ಸರ್ಕಾರದ ಉಚಿತ ಸಹಾಯವಾಣಿಯೂ ಇದೆ: 1800-180-3024. ಗ್ರೂಪಿಗೆ ಹಾಕುವ ಫೋಟೊದಲ್ಲಿ ಬ್ಯಾಚ್ ನಂಬರ್ ಇರುವುದಿಲ್ಲ, ಆದ್ದರಿಂದ ಅದರಿಂದ ಯಾರೂ ಏನನ್ನೂ ತಡೆಯಲಾರರು.

ದನಕರು ಸಾಕಿದವರಿಗೆ ಇನ್ನೊಂದು ಮಾತು. ಉಳಿದ ಇಂಜೆಕ್ಷನ್ ಔಷಧವನ್ನು ತೊಳೆದ ಟಾನಿಕ್ ಬಾಟಲಿಗೆ ಸುರಿದಿಡುವುದು ಕೆಲವರ ರೂಢಿ. ಆ ಬಾಟಲಿ ಸೋಡಾ ಜಾಸ್ತಿ ಇರುವ ಗಾಜು, ಸ್ವಚ್ಛತೆಯ ಮಾತು ಹಾಗಿರಲಿ. ಬೇಡ.

ಕರಗಲೆಂದೇ ಮಾಡಿದ ಗಾಜು

ಕರಗುವುದು ಯಾವಾಗಲೂ ದೋಷವಲ್ಲ. 1969ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಸಿಲಿಕಾ ಕಡಿಮೆ ಮಾಡಿ (45 ಭಾಗ), ಸೋಡಾ, ಸುಣ್ಣ ತಲಾ ಇಪ್ಪತ್ತನಾಲ್ಕೂವರೆ ಭಾಗ, ರಂಜಕದ ಆಕ್ಸೈಡ್ 6 ಭಾಗ ಸೇರಿಸಿ ಒಂದು ಗಾಜು ಮಾಡಿದರು. ಮೈಯೊಳಗಿಟ್ಟರೆ ಅದು ಮೆಲ್ಲಗೆ ಕರಗಿ, ಮೇಲ್ಮೈಯಲ್ಲಿ ಎಲುಬಿನ ಖನಿಜದಂಥ ಪದರ ಕಟ್ಟಿಕೊಂಡು ಎಲುಬಿಗೇ ಬೆಸೆದುಕೊಳ್ಳುತ್ತದೆ. ಹಲ್ಲು ಜುಮ್ ಎನ್ನುವವರಿಗೆ ಕೊಡುವ ಕೆಲವು ಟೂತ್‌ಪೇಸ್ಟ್‌ಗಳ ಮೇಲೆ 'ಕ್ಯಾಲ್ಸಿಯಂ ಸೋಡಿಯಂ ಫಾಸ್ಫೋಸಿಲಿಕೇಟ್' ಎಂದು ಬರೆದಿರುತ್ತದೆ, ಓದಿ ನೋಡಿ. ಅದು ಇದೇ ಗಾಜಿನ ನುಣ್ಣನೆಯ ಪುಡಿ. "ಪೇಸ್ಟಿನಲ್ಲಿ ಗಾಜು" ಎಂದು ಯಾರಾದರೂ ಕಳಿಸಿದರೆ ಹೌದು ಅನ್ನಬಹುದು, ಹೆದರಬೇಕಿಲ್ಲ. ಹೊರದೇಶಗಳಲ್ಲಿ ತಾಮ್ರ, ಕೋಬಾಲ್ಟ್, ಸೆಲೆನಿಯಂ ಬೆರೆಸಿದ ಫಾಸ್ಫೇಟ್ ಗಾಜಿನ ಗುಳಿಗೆಯನ್ನು ದನಗಳಿಗೆ ನುಂಗಿಸುತ್ತಾರೆ. ಹೊಟ್ಟೆಯಲ್ಲಿ ಕೂತು ತಿಂಗಳುಗಟ್ಟಲೆ ಕರಗುತ್ತಾ ಖನಿಜ ಒದಗಿಸುತ್ತದೆ.

ಕೆಜಿಎಫ್ ಕೇಳಿದ ಪ್ರಶ್ನೆ

ಇನ್ನು ಕರಗಲೇಬಾರದ ಗಾಜು. 2012ರ ನವೆಂಬರ್‌ನಲ್ಲಿ ಕೂಡಂಕುಳಂ ಅಣು ಸ್ಥಾವರದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದ್ದಾಗ, ಅದರ ತ್ಯಾಜ್ಯವನ್ನು ಕೋಲಾರದ ಮುಚ್ಚಿದ ಚಿನ್ನದ ಗಣಿಗಳಲ್ಲಿ ಇಡುವ ಸಾಧ್ಯತೆಯ ಸುದ್ದಿ ಹೊರಬಿತ್ತು. ಕೆಜಿಎಫ್‌ನಲ್ಲಿ ಜನ ಬೀದಿಗಿಳಿದರು. ಆಮೇಲೆ ಸರ್ಕಾರ ಅಂಥ ಯೋಜನೆ ಇಲ್ಲ ಎಂದಿತು. ಅಂದಿನಿಂದ ಈ ವಿಷಯ ಆಗಾಗ ಫಾರ್ವರ್ಡ್ ಆಗಿ ತಲೆಯೆತ್ತುತ್ತದೆ. ಪೂರ್ತಿ ಗಾಳಿಸುದ್ದಿ ಎಂದು ತಳ್ಳಿಹಾಕಲೂ ಆಗದು, ಯಾಕೆಂದರೆ ಹಿನ್ನೆಲೆಯಲ್ಲಿ ಒಂದು ನಿಜವಾದ ಪ್ರಯೋಗ ಇತ್ತು. ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1980ರ ದಶಕದಲ್ಲಿ ಅಲ್ಲಿನ ಗಣಿಯೊಂದರಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ ಹೀಟರ್‌ಗಳನ್ನಿಟ್ಟು ಬಂಡೆ ಬಿಸಿಗೆ ಹೇಗೆ ವರ್ತಿಸುತ್ತದೆ ಎಂದು ನೋಡಿದ್ದರು. ನೋಡಿದ್ದು ಬಂಡೆಯನ್ನು, ಹೂತದ್ದು ತ್ಯಾಜ್ಯವನ್ನಲ್ಲ. ಗಣಿಗಳು 2001ರಲ್ಲಿ ಮುಚ್ಚಿದವು, ಪಂಪ್ ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿಕೊಂಡಿತು.

ಆ ನೀರೇ ಇಲ್ಲಿ ನಿಜವಾದ ಪ್ರಶ್ನೆ. ಬಳಸಿದ ಅಣು ಇಂಧನವನ್ನು ಸಂಸ್ಕರಿಸಿದಾಗ ಉಳಿಯುವ ಅತಿ ವಿಕಿರಣದ ದ್ರವವನ್ನು ಭಾರತ ಗಾಜಾಗಿ ಪರಿವರ್ತಿಸುತ್ತದೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂನಲ್ಲಿ ಇದರ ಘಟಕಗಳಿವೆ. ಸುಮಾರು 1000 ಡಿಗ್ರಿಯಲ್ಲಿ ಬೋರೋಸಿಲಿಕೇಟ್ ಗಾಜಿನ ಜೊತೆ ಕರಗಿಸಿ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಗೆ ಸುರಿಯುತ್ತಾರೆ. ಹಲವರು ಅಂದುಕೊಂಡಂತೆ ಇದು ಗಾಜಿನ ಬಾಟಲಿಯಲ್ಲಿ ತುಂಬಿದ ವಿಷವಲ್ಲ. ಮೈಸೂರುಪಾಕಿನಲ್ಲಿ ಸಕ್ಕರೆ ಇರುವ ಹಾಗೆ ವಿಕಿರಣ ಅಣುಗಳು ಗಾಜಿನ ಬಲೆಯಲ್ಲೇ ಬೆರೆತಿರುತ್ತವೆ. ಡಬ್ಬಿ ಒಡೆದರೂ ಸೋರುವುದಿಲ್ಲ. ಹೊರಬರಬೇಕಾದರೆ ಗಾಜೇ ನೀರಿನಲ್ಲಿ ಕರಗಬೇಕು.

ಕರಗದಿರುವುದು ಎಷ್ಟು ಬೆಲೆಬಾಳುವ ಗುಣ ಎಂದು ಬ್ರೆಜಿಲ್‌ನ ಗೊಯಾನಿಯಾ ಊರು 1987ರಲ್ಲಿ ಕಲಿತುಕೊಂಡಿತು. ಪಾಳುಬಿದ್ದ ಆಸ್ಪತ್ರೆ ಕಟ್ಟಡದ ಕ್ಯಾನ್ಸರ್ ಚಿಕಿತ್ಸಾ ಯಂತ್ರವನ್ನು ಗುಜರಿಗೆ ಒಯ್ದು ಒಡೆದಾಗ ಒಳಗಿದ್ದ ಸೀಸಿಯಂ ಪುಡಿ ಬಯಲಿಗೆ ಬಂತು. ಅದು ಸೀಸಿಯಂ ಕ್ಲೋರೈಡ್, ಅಡುಗೆ ಉಪ್ಪಿನಂತೆ ನೀರಲ್ಲಿ ಕರಗುವ ಲವಣ. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದುದರಿಂದ ಮನೆಮನೆಗೆ ಹಂಚಿಕೊಂಡರು. 249 ಮಂದಿಯ ಮೈಗೆ ವಿಕಿರಣ ವಸ್ತು ತಾಗಿತ್ತು, ನಾಲ್ವರು ಸತ್ತರು. ಇಂದು ಭಾಭಾ ಕೇಂದ್ರ ಬ್ಲಡ್ ಬ್ಯಾಂಕ್‌ಗಳ ರಕ್ತ ಸಂಸ್ಕರಣೆ ಯಂತ್ರಕ್ಕೆ ಅದೇ ಸೀಸಿಯಂ ಅನ್ನು ಗಾಜಿನ ಪೆನ್ಸಿಲ್ ರೂಪದಲ್ಲಿ ಕೊಡುತ್ತದೆ.

ಹಾಗಾದರೆ ತ್ಯಾಜ್ಯದ ಗಾಜು ಎಷ್ಟು ಕಾಲ ತಡೆಯುತ್ತದೆ? ಇಂಥ ಗಾಜನ್ನು 90 ಡಿಗ್ರಿಯ ಹೊಸ ನೀರಿನಲ್ಲಿ ಇಟ್ಟರೆ ಮೊದಮೊದಲು ಚದರ ಮೀಟರಿಗೆ ದಿನಕ್ಕೆ ಸುಮಾರು ಒಂದು ಗ್ರಾಂ ಕರಗುತ್ತದೆ. ಅದೇ ವೇಗ ಉಳಿದರೆ ಏಳೆಂಟು ವರ್ಷಕ್ಕೆ ಒಂದು ಮಿಲಿಮೀಟರ್ ಸವೆತ. ನೀರು ನಿಂತು ಸಿಲಿಕಾ ತುಂಬಿ ಪದರ ಕಟ್ಟಿದ ಮೇಲೆ ವೇಗ ಹತ್ತು ಸಾವಿರ ಪಟ್ಟು ಇಳಿಯುತ್ತದೆ. ಆಗ ಅದೇ ಒಂದು ಮಿಲಿಮೀಟರಿಗೆ ಎಪ್ಪತ್ತು ಸಾವಿರ ವರ್ಷ ಬೇಕು, ಅದೂ 90 ಡಿಗ್ರಿಯ ಬಿಸಿಯಲ್ಲಿ. ತಣ್ಣಗಿದ್ದರೆ ಇನ್ನೂ ಹೆಚ್ಚು. ಸೀಸಿಯಂ-137 ಪ್ರತಿ 30 ವರ್ಷಕ್ಕೆ ಅರ್ಧವಾಗುತ್ತದೆ, ಹಾಗಾಗಿ ಅದರ ಮಟ್ಟಿಗೆ ಈ ಲೆಕ್ಕ ನೆಮ್ಮದಿಯದು. ಸಾವಿರಾರು, ಲಕ್ಷಾಂತರ ವರ್ಷ ಉಳಿಯುವ ಬೇರೆ ಮೂಲವಸ್ತುಗಳಿಗೆ ಮಾತ್ರ ಈ ಎರಡು ವೇಗಗಳ ನಡುವಿನ ಅಂತರವೇ ಎಲ್ಲ. ಆದ್ದರಿಂದ ಯಾವುದೇ ಗಣಿ, ಯಾವುದೇ ಬಂಡೆಯ ಬಗ್ಗೆ ಮೊದಲು ಕೇಳಬೇಕಾದ್ದು "ಅಲ್ಲಿ ನೀರು ಹರಿಯುತ್ತದೆಯೇ?" ಎಂದು. ನೂರಾರು ಕಿಲೋಮೀಟರ್ ಸುರಂಗ ಕೊರೆದು, ಬಿರುಕು ಬಿಟ್ಟು, ನೀರು ತುಂಬಿದ ಹಳೆಯ ಗಣಿಗೆ ಆ ಪ್ರಶ್ನೆಯಲ್ಲಿ ಪಾಸಾಗುವುದು ಕಷ್ಟ. ಕೋಲಾರದ ಜನರ ಆತಂಕ ಅಜ್ಞಾನದಿಂದ ಹುಟ್ಟಿದ್ದು ಎಂದು ಕೆಲವರು ಆಗ ಹೀಯಾಳಿಸಿದ್ದು ನನಗೆ ಸರಿ ಕಾಣುವುದಿಲ್ಲ.

ಪ್ರಯೋಗಾಲಯದಲ್ಲಿ ಸಾವಿರ ವರ್ಷ ಕಾಯಲು ಆಗುವುದಿಲ್ಲವಾದ್ದರಿಂದ ವಿಜ್ಞಾನಿಗಳು ಹಳೆಯ ಗಾಜನ್ನೇ ಹುಡುಕಿಕೊಂಡು ಹೋಗುತ್ತಾರೆ. ಫ್ರಾನ್ಸಿನ ಆಂಬಿಯೆ ದ್ವೀಪದ ಬಳಿ ಸುಮಾರು 1800 ವರ್ಷ ಹಿಂದೆ ಮುಳುಗಿದ ರೋಮನ್ ಹಡಗೊಂದರ ಗಾಜಿನ ಗಟ್ಟಿಗಳನ್ನು ಹೀಗೆ ಅಧ್ಯಯನ ಮಾಡಿದ್ದಾರೆ. ಸಮುದ್ರದ ನೀರು ಸುಲಭವಾಗಿ ಸೋಕುವ ಹೊರಮೈ ಹೆಚ್ಚು ಬದಲಾಗಿದೆ, ನೀರು ಓಡಾಡದ ಸಣ್ಣ ಬಿರುಕುಗಳ ಒಳಗೆ ಬದಲಾವಣೆ ಬಹಳ ಕಡಿಮೆ. ಲೆಕ್ಕ ಹೇಳಿದ್ದೂ ಅದನ್ನೇ.

ಆದರೂ ಎಲ್ಲ ಬಗೆಹರಿದಿಲ್ಲ. ಕೆಲವು ಗಾಜುಗಳಲ್ಲಿ, ಅದರಲ್ಲೂ ನೀರು ತುಂಬ ಕ್ಷಾರವಾಗಿದ್ದರೆ, ರಕ್ಷಿಸುತ್ತಿದ್ದ ಪದರ ಹೊಸ ಖನಿಜಗಳಾಗಿ ಹರಳುಗಟ್ಟಿ ಸವೆತ ಮತ್ತೆ ಜೋರಾಗುತ್ತದೆ. ಇದು ಯಾವಾಗ, ಯಾಕೆ ಶುರುವಾಗುತ್ತದೆ ಎಂಬ ಚರ್ಚೆ ಇನ್ನೂ ನಡೆದಿದೆ. 2020ರ ಜನವರಿಯಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ 'ನೇಚರ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಇನ್ನೊಂದು ತೊಡಕು ತೋರಿಸಿತು. ಗಾಜು ಮತ್ತು ಸ್ಟೀಲ್ ಒಂದಕ್ಕೊಂದು ಒತ್ತಿಕೊಂಡಿದ್ದು, ನಡುವಿನ ಕಿರುಸಂದಿಗೆ ಉಪ್ಪುನೀರು ಹೊಕ್ಕರೆ, ಸ್ಟೀಲ್ ತುಕ್ಕು ಹಿಡಿಯುವಾಗ ಹುಟ್ಟುವ ಆಮ್ಲ ಪಕ್ಕದ ಗಾಜನ್ನೂ ಕೆಡಿಸುತ್ತದೆ. ತ್ಯಾಜ್ಯದ ಗಾಜನ್ನು ಸುರಿಯುವುದು ಸ್ಟೀಲ್ ಡಬ್ಬಿಗೇ ಎಂಬುದು ನೆನಪಿರಲಿ.

ಭಾರತದಲ್ಲಿ ನೆಲದಾಳದ ತ್ಯಾಜ್ಯ ಭಂಡಾರ ಸದ್ಯಕ್ಕೆ ಎಲ್ಲೂ ಇಲ್ಲ, ಕೆಜಿಎಫ್‌ನಲ್ಲೂ ಇಲ್ಲ. ಗಾಜು ತುಂಬಿದ ಡಬ್ಬಿಗಳನ್ನು ತಾರಾಪುರದಂಥ ಕಡೆ ಗಾಳಿಯಿಂದ ತಂಪಾಗುವ ಕಾಂಕ್ರೀಟ್ ಕೋಣೆಗಳಲ್ಲಿ, ನೀರು ಸೋಕದ ಹಾಗೆ ಇಟ್ಟು ಕಾಯುತ್ತಿದ್ದಾರೆ.